ಗಾಡಿ ನಿಮ್ಮದು, ಓಡಿಸಿದ್ದು ಯಾರು? ಓವರ್‌ಸ್ಪೀಡ್ ಕೇಸಲ್ಲಿ ಓನರ್ ಏನು ಹೇಳಬೇಕು, ಎಷ್ಟು ಹೇಳಬೇಕು

ಬೆಂಗಳೂರು–ಮೈಸೂರು ಹೆದ್ದಾರಿಗೆ 2024ರಲ್ಲಿ ವೇಗ ಹಿಡಿಯುವ ಕ್ಯಾಮೆರಾಗಳು ಬಂದ ಮೇಲೆ ಕೊಡಗಿನ ಎಷ್ಟೋ ಮನೆಗಳಲ್ಲಿ ಒಂದು ಹೊಸ ಜಗಳ ಶುರುವಾಗಿದೆ. ಕಾರು ಅಪ್ಪನ ಹೆಸರಲ್ಲಿದೆ. ಅಪ್ಪ ಆ ದಿನ ಗೋಣಿಕೊಪ್ಪ ಬಿಟ್ಟು ಹೊರಗೇ ಹೋಗಿಲ್ಲ. ಓಡಿಸಿದ್ದು ಬೆಂಗಳೂರಲ್ಲಿ ಕೆಲಸ ಮಾಡುವ ಮಗನೋ, ಅವನ ಫ್ರೆಂಡೋ, ಗೊತ್ತಿಲ್ಲ. ಚಲನ್ ಬಂದಿರುವುದು ಮಾತ್ರ ಅಪ್ಪನ ಮೊಬೈಲಿಗೆ. ಮಡಿಕೇರಿ, ಕುಶಾಲನಗರ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 275ರದ್ದೇ ಮುಂದಿನ ತುಂಡು ಈ ಬೆಂಗಳೂರು–ಮೈಸೂರು ರಸ್ತೆ. ಹಾಗಾಗಿ ರಾಜಧಾನಿಗೆ ಹೋಗುವ ಕೆಎ–12, ಅಂದರೆ ಕೊಡಗು ನೋಂದಣಿಯ ಗಾಡಿಗಳಲ್ಲಿ ಹೆಚ್ಚಿನವು ಆ ಕ್ಯಾಮೆರಾಗಳ ಕೆಳಗೇ ಹಾದುಹೋಗುತ್ತವೆ.

2025ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ 12ರ ತನಕ ರಾಜ್ಯ ಸರ್ಕಾರ ಹಳೆ ಚಲನ್‌ಗಳ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತ್ತು. ಹೀಗೆ ರಿಯಾಯಿತಿ ಬಂದಾಗಲೆಲ್ಲ ಜನ ತಮ್ಮ ಗಾಡಿ ನಂಬರ್ ಹಾಕಿ ನೋಡುತ್ತಾರೆ, ಗೊತ್ತೇ ಇಲ್ಲದ ಕೇಸುಗಳು ಎದುರಾಗುತ್ತವೆ. ಆಗ ಏಳುವ ಪ್ರಶ್ನೆಗಳು ಮೂರು. ಓಡಿಸದವನು ಯಾಕೆ ಕಟ್ಟಬೇಕು? ಓಡಿಸಿದ್ದು ಯಾರು ಅಂತ ಪೊಲೀಸರಿಗೆ ಹೇಳಲೇಬೇಕಾ? ಹೇಳದಿದ್ದರೆ ಏನಾಗುತ್ತೆ? ಮೂರನ್ನೂ ಒಂದೇ ಅಂದುಕೊಂಡು ಮಾತಾಡುವುದರಿಂದಲೇ ಅರ್ಧ ಗೊಂದಲ ಹುಟ್ಟುವುದು.

ವೇಗದ ತಪ್ಪು ಓಡಿಸಿದವನದ್ದು

ಮೋಟಾರು ವಾಹನ ಕಾಯ್ದೆ ಬಂದದ್ದು 1988ರಲ್ಲಿ. ಅದರ ಸೆಕ್ಷನ್ 112 ವೇಗದ ಮಿತಿ ಮೀರಬಾರದು ಅನ್ನುತ್ತದೆ. 183 ಅದಕ್ಕೆ ಶಿಕ್ಷೆ ಹೇಳುತ್ತದೆ. 2019ರ ತಿದ್ದುಪಡಿ ಪ್ರಕಾರ ಕಾರಿನಂಥ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000. ಯಾರಿಗೆ ಈ ಶಿಕ್ಷೆ? ಓಡಿಸಿದವನಿಗೆ. ಜೊತೆಗೆ ತನ್ನ ಕೆಲಸಗಾರನಿಗೆ ಅಥವಾ ತನ್ನ ಹಿಡಿತದಲ್ಲಿ ಇರುವವನಿಗೆ ಹಾಗೆ ಓಡಿಸಲು ಕಾರಣನಾದವನಿಗೂ.

ಗಮನಿಸಿ, ಆರ್‌ಸಿಯಲ್ಲಿ ಹೆಸರಿದೆ ಅನ್ನುವುದೊಂದೇ ಕಾರಣಕ್ಕೆ ಓನರನ್ನು 183 ತಪ್ಪಿತಸ್ಥ ಮಾಡುವುದಿಲ್ಲ. ತೋಟದ ಸಾಹುಕಾರರು 'ಹನ್ನೊಂದರ ಒಳಗೆ ಹುಣಸೂರು ಮುಟ್ಟಿರಬೇಕು' ಅಂತ ಪಿಕಪ್ ಡ್ರೈವರಿಗೆ ತಾಕೀತು ಮಾಡಿದ್ದರೆ ಮಾತು ಬೇರೆ. ಮಿತಿ ಮೀರದೆ ಮುಟ್ಟಲು ಆಗದಂಥ ಟೈಮ್ ಕೊಟ್ಟವನ ಮೇಲೆ ಅದೇ ಸಾಕ್ಷಿಯಾಗುತ್ತದೆ ಅಂತ ಇದೇ ಸೆಕ್ಷನ್ ಹೇಳುತ್ತದೆ. ಬಸ್ಸಿನ ಟೈಮ್‌ಟೇಬಲ್ಲಿಗೂ ಈ ಮಾತು ಅನ್ವಯಿಸುತ್ತದೆ. ಪ್ರೈವೇಟ್ ಬಸ್ಸುಗಳ ಪೈಪೋಟಿ ನೋಡಿದವರಿಗೆ ಇದು ಎಷ್ಟು ಕೆಲಸಕ್ಕೆ ಬರಬಹುದಿತ್ತು ಅಂತ ಗೊತ್ತು. ಬಳಸುವವರು ಕಾಣೆ, ಅಷ್ಟೇ.

133: ಹೇಳುವ ಹೊಣೆ ಮಾತ್ರ ಓನರದ್ದು

ಹಾಗಾದರೆ ಓಡಿಸಿದವನನ್ನು ಹುಡುಕುವುದು ಹೇಗೆ? ಅದಕ್ಕೆ ಸೆಕ್ಷನ್ 133 ಇದೆ. ಗಾಡಿಯ ಡ್ರೈವರ್ ಮೇಲೆ ಈ ಕಾಯ್ದೆಯಡಿ ಯಾವುದೇ ಆರೋಪ ಬಂದಾಗ, ಸರ್ಕಾರ ಅಧಿಕಾರ ಕೊಟ್ಟ ಪೊಲೀಸ್ ಅಧಿಕಾರಿ ಕೇಳಿದರೆ, ಓನರ್ ಆ ಡ್ರೈವರಿನ ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಡಬೇಕು. ಇದು ಹೊಸದೇನಲ್ಲ, 1939ರ ಹಳೆ ಕಾಯ್ದೆಯಲ್ಲೂ ಇತ್ತು.

ಎಷ್ಟು ಹೇಳಬೇಕು ಅನ್ನುವುದಕ್ಕೂ ಅಳತೆ ಇದೆ. ತನಗೆ ಗೊತ್ತಿರುವುದು ಅಥವಾ ಸಾಧಾರಣ ಪ್ರಯತ್ನ ಮಾಡಿದರೆ ತಿಳಿದುಕೊಳ್ಳಬಹುದಾದದ್ದು. ಅಂದರೆ 'ನನಗೆ ನೆನಪಿಲ್ಲ' ಅಂತ ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಮನೆಯಲ್ಲಿ ಯಾರ ಹತ್ತಿರ ಕೀ ಇತ್ತು, ಆ ದಿನ ಗಣಂಗೂರು ಟೋಲಿನಲ್ಲಿ ಫಾಸ್ಟ್ಯಾಗ್ ಎಷ್ಟು ಗಂಟೆಗೆ ಕಡಿತ ಆಯ್ತು, ಆ ಹೊತ್ತಿಗೆ ಮಗ ಎಲ್ಲಿದ್ದ, ಇಷ್ಟನ್ನು ವಿಚಾರಿಸುವುದು ಸಾಧಾರಣ ಪ್ರಯತ್ನವೇ. ಹಾಗಂತ ಕಳ್ಳತನವಾದ ಗಾಡಿಯನ್ನು ಯಾರು ಓಡಿಸಿದರು ಅಂತ ಪತ್ತೆ ಮಾಡಿಕೊಂಡು ಬನ್ನಿ ಅಂತಲೂ ಕಾಯ್ದೆ ಕೇಳುವುದಿಲ್ಲ.

ಕೇಳಿದರೂ ಹೇಳದಿದ್ದರೆ? ಅದಕ್ಕೆ 187. ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ಎರಡನೇ ಸಲಕ್ಕೆ ಒಂದು ವರ್ಷ, 10,000. ಎದ್ದು ಕಾಣುವ ವಿಚಾರ ಇದು. ವೇಗವಾಗಿ ಓಡಿಸಿದ್ದಕ್ಕೆ 183ರಲ್ಲಿ ಜೈಲು ಇಲ್ಲ. ಯಾರು ಓಡಿಸಿದ್ದು ಅಂತ ಮುಚ್ಚಿಟ್ಟಿದ್ದಕ್ಕೆ ಇದೆ. ಹಿಂದಿನ ಕಾರಣ ಸರಳ. ಬಾಯಿ ಮುಚ್ಚಿಕೊಂಡು ಇರುವುದೇ ಅಗ್ಗ ಆದರೆ ಯಾರೂ ಬಾಯಿ ಬಿಡುವುದಿಲ್ಲ.

ಇಲ್ಲೇ ಜನ ಎಡವುವುದು. ಮೊಬೈಲಿಗೆ ಬರುವ ಮಾಮೂಲಿ ಇ–ಚಲನ್ ಮೆಸೇಜು 133ರ ನೋಟಿಸ್ ಅಲ್ಲ. ಅದು ದಂಡ ಕಟ್ಟಿ ಅನ್ನುತ್ತದೆ, ಯಾರು ಓಡಿಸಿದ್ದು ಅಂತ ಕೇಳುವುದೇ ಇಲ್ಲ. ಅದಕ್ಕೆ ಉತ್ತರ ಕೊಡಲಿಲ್ಲ ಅಂತ 187 ಬೀಳುವುದಿಲ್ಲ. ಆದರೆ ಠಾಣೆಯಿಂದ 133 ಅಂತ ನಮೂದಿಸಿ ಬರವಣಿಗೆಯಲ್ಲಿ ಕೇಳಿದರೆ ಅದು ಬೇರೆಯೇ ಕಾಗದ. ಅಪಘಾತದ ಕೇಸುಗಳಲ್ಲಿ ಈ ನೋಟಿಸ್ ದಿನಬಳಕೆಯದ್ದು. ಓನರ್ ಕೊಟ್ಟ ಉತ್ತರ ಮುಂದೆ ಕೋರ್ಟಿಗೂ ಹೋಗುತ್ತದೆ, ಇನ್ಶೂರೆನ್ಸ್ ಕಂಪನಿಯೂ ಅದನ್ನೇ ಎತ್ತಿ ತೋರಿಸುತ್ತದೆ.

ಕ್ಯಾಮೆರಾಗೆ ಕಾಣುವುದು ನಂಬರ್ ಪ್ಲೇಟ್

ಮೊದಲು ರಸ್ತೆಯಲ್ಲಿ ವೇಗ ಅಳೆಯುವ ಇಂಟರ್‌ಸೆಪ್ಟರ್ ಜೀಪು ನಿಲ್ಲಿಸಿ ಹಿಡಿಯುತ್ತಿದ್ದರು. ಸ್ಟೀರಿಂಗ್ ಹಿಂದೆ ಯಾರಿದ್ದರು ಅನ್ನುವ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಡಿಎಲ್ ಕೈಗೆ ತೆಗೆದುಕೊಂಡೇ ಚೀಟಿ ಬರೆಯುತ್ತಿದ್ದರು. ಕ್ಯಾಮೆರಾ ಬಂದ ಮೇಲೆ ಆ ಕೊಂಡಿ ತುಂಡಾಯಿತು. ಪ್ಲೇಟ್ ಓದುತ್ತದೆ, ನೋಂದಣಿ ದಾಖಲೆಯಲ್ಲಿ ಓನರ್ ಯಾರು ಅಂತ ನೋಡುತ್ತದೆ, ಅವರ ನಂಬರಿಗೆ ಚಲನ್ ಕಳಿಸುತ್ತದೆ. ಕಾಯ್ದೆ ಹುಡುಕುವುದು ಡ್ರೈವರನ್ನು, ಯಂತ್ರಕ್ಕೆ ಸಿಗುವುದು ಓನರ್. ಈಗಿನ ಗೊಂದಲವೆಲ್ಲ ಈ ಸಂದಿಯಲ್ಲೇ ಇದೆ.

ಕ್ಯಾಮೆರಾಗಳಿಗೂ ಕಟ್ಟುಪಾಡು ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿದ ನಿಯಮ 167ಎ ಪ್ರಕಾರ ಉಪಕರಣಕ್ಕೆ ಪ್ರಮಾಣಪತ್ರ ಇರಬೇಕು, ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಇಲ್ಲಿ ಕ್ಯಾಮೆರಾ ಇದೆ ಅಂತ ಮೊದಲೇ ಬೋರ್ಡು ಹಾಕಿರಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಪ್ಲೇಟ್ ಕಾಣುವ ಫೋಟೋ, ಅಳೆದ ವೇಗ, ದಿನ, ಸಮಯ, ಜಾಗ ಎಲ್ಲ ಇರಬೇಕು. ಸುಮ್ನೆ ಒಬ್ಬ ಸಾಕ್ಷಿ 'ಜೋರಾಗಿ ಹೋಯ್ತು' ಅಂತ ಹೇಳಿದ್ದಕ್ಕೆ ಶಿಕ್ಷೆ ಆಗುವುದಿಲ್ಲ, ಯಂತ್ರದ ಅಳತೆ ಬೇಕು ಅಂತ 183 ಹೇಳುತ್ತದೆ. ಆದರೆ ಈ ಪಟ್ಟಿಯಲ್ಲಿ ಡ್ರೈವರಿನ ಮುಖ ಕಾಣಬೇಕು ಅಂತ ಇಲ್ಲ. ಅದು ಕಾಣಬೇಕಾಗಿಲ್ಲ ಅನ್ನುವುದಾದರೆ ಹೆಸರು ಎಲ್ಲಿಂದಲಾದರೂ ಬರಬೇಕು, ಮತ್ತೆ 133ಕ್ಕೇ ಬಂದು ನಿಂತೆವು.

ಸುಮ್ನೆ ಕಟ್ಟಿಬಿಟ್ಟರೆ ಆಗಲ್ವಾ?

ಇಷ್ಟು ದಿನ ಎಲ್ಲರೂ ಮಾಡಿದ್ದು ಇದನ್ನೇ. ಮಗ ಓಡಿಸಿದ, ಅಪ್ಪ ಕಟ್ಟಿದ, ಮುಗಿಯಿತು. ಸಣ್ಣ ದಂಡಕ್ಕೆ ಯಾರು ಕೋರ್ಟು ಅಲೆಯುತ್ತಾರೆ ಹೇಳಿ. ಪೊಲೀಸರಿಗೂ ಹಣ ಬಂತು, ಕೇಸು ಮುಗಿಯಿತು. ದಂಡ ಮಾತ್ರ ಇದ್ದಷ್ಟು ದಿನ ಈ ವ್ಯವಸ್ಥೆ ಸಾಗುತ್ತದೆ. ಆದರೆ ಈಗ ಎರಡು ಕಡೆಯಿಂದ ಬಿಗಿ ಬರುತ್ತಿದೆ.

ಒಂದು ಲೈಸೆನ್ಸ್. ಓವರ್‌ಸ್ಪೀಡ್ ಕೇಸಿನಲ್ಲಿ ಪೊಲೀಸರು ಡಿಎಲ್ ವಶಕ್ಕೆ ತೆಗೆದುಕೊಂಡು ಆರ್‌ಟಿಓಗೆ ಕಳಿಸಬೇಕು ಅಂತ 206ನೇ ಸೆಕ್ಷನ್ ಹೇಳುತ್ತದೆ. ಆರ್‌ಟಿಓ ವಿಚಾರಣೆ ಮಾಡಿ, ತೃಪ್ತಿಯಾದರೆ ಬಿಟ್ಟುಬಿಡಬಹುದು. ಇಲ್ಲವಾದರೆ ಮೊದಲ ಸಲ ಮೂರು ತಿಂಗಳು ಓಡಿಸುವ ಹಾಗಿಲ್ಲ, ಎರಡನೇ ಸಲಕ್ಕೆ ಲೈಸೆನ್ಸೇ ರದ್ದು. ದಂಡ ಕಟ್ಟಿದ್ದೇನೆ ಅಂದರೂ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ ಅಂತ 2019ರ ತಿದ್ದುಪಡಿ ಸೇರಿಸಿದೆ. ದುಡ್ಡನ್ನು ಅಪ್ಪ ಕಟ್ಟಬಹುದು. ಲೈಸೆನ್ಸ್ ಕಳೆದುಕೊಳ್ಳಬೇಕಾದವರು ಯಾರು?

ಇನ್ನೊಂದು ಎಫ್‌ಐಆರ್. ಆ ಹೆದ್ದಾರಿಯಲ್ಲಿ ಮಿತಿ ಗಂಟೆಗೆ 100 ಕಿಲೋಮೀಟರ್. ರಾಜ್ಯದಲ್ಲಿ ಎಲ್ಲೇ ಆಗಲಿ 130 ಮೀರಿದರೆ 2024ರ ಆಗಸ್ಟ್ 1ರಿಂದ ಎಫ್‌ಐಆರ್ ಹಾಕುತ್ತೇವೆ ಅಂತ ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಪ್ರಕಟಿಸಿದ್ದರು. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281 ಇದೆ, ಆರು ತಿಂಗಳವರೆಗೆ ಜೈಲು ಇದೆ. ಈಗ ಮಾತು ಬೇರೆ ಆಯ್ತು ಅಲ್ವಾ? ಎಫ್‌ಐಆರ್ ಅಂದರೆ ಆರೋಪಿ ಬೇಕು. ನಂಬರ್ ಪ್ಲೇಟನ್ನು ಕಟಕಟೆಗೆ ಹತ್ತಿಸಲು ಆಗುವುದಿಲ್ಲ. ಹಾಗಾಗಿ ಪೊಲೀಸರು ಓನರ್ ಮನೆಗೆ ಕಾಗದ ಕಳಿಸಲೇಬೇಕು, ಓಡಿಸಿದವನ ಹೆಸರನ್ನು ಓನರ್ ಹೇಳಲೇಬೇಕು.

ಇಲ್ಲಿ ಇನ್ನೊಂದು ತಕರಾರು ಉಳಿದಿದೆ. ವೇಗ ಜಾಸ್ತಿ ಇತ್ತು ಅನ್ನುವುದರಿಂದಲೇ ಅಜಾಗರೂಕತೆ ಸಾಬೀತಾಗುವುದಿಲ್ಲ ಅಂತ 1990ರ ದಶಕದ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ಕರ್ನಾಟಕದಿಂದಲೇ ಹೋದ ಲಾರಿ ಅಪಘಾತದ ಕೇಸಿನಲ್ಲಿ. ಹಾಗಾಗಿ 130ರ ಎಫ್‌ಐಆರುಗಳಲ್ಲಿ ಓಡಿಸಿದ್ದು ಯಾರು ಅಂತ ಗೊತ್ತಾದ ಮೇಲೂ ವಾದಕ್ಕೆ ಜಾಗ ಇದ್ದೇ ಇರುತ್ತದೆ.

ನನ್ನ ವಿರುದ್ಧ ನಾನೇ ಹೇಳಬೇಕಾ?

ಮಗ ಓಡಿಸಿದ್ದರೆ ಅಪ್ಪ ಹೆಸರು ಕೊಡುತ್ತಾರೆ, ಸರಿ. ಓನರೇ ಓಡಿಸಿದ್ದರೆ? ತನ್ನ ಮೇಲಿನ ಕೇಸಿಗೆ ತಾನೇ ಸಾಕ್ಷಿ ಬರೆದುಕೊಟ್ಟ ಹಾಗೆ ಆಗುತ್ತದೆ. ಸಂವಿಧಾನದ 20(3)ನೇ ವಿಧಿ ಆರೋಪಿಯನ್ನು ತನ್ನ ವಿರುದ್ಧ ಸಾಕ್ಷಿ ಹೇಳಲು ಬಲವಂತ ಮಾಡಬಾರದು ಅನ್ನುತ್ತದೆ. 1961ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಗೆರೆ ಎಳೆಯಿತು. ಬೆರಳಚ್ಚು, ಕೈಬರಹದ ಮಾದರಿ ಕೊಡುವುದು ಸಾಕ್ಷಿ ಹೇಳಿದ ಹಾಗಲ್ಲ. ತನಗೆ ಮಾತ್ರ ಗೊತ್ತಿರುವುದನ್ನು ಬಾಯಿಬಿಟ್ಟು ಹೇಳುವುದು ಸಾಕ್ಷಿ ಹೇಳಿದ ಹಾಗೆ. 'ಆ ದಿನ ನಾನೇ ಓಡಿಸಿದ್ದೆ' ಅನ್ನುವುದು ಎರಡನೆಯದಕ್ಕೇ ಹತ್ತಿರ. ವಕೀಲರು ಈ ವಾದ ಎತ್ತಿದರೆ ತಳ್ಳಿಹಾಕುವಂಥದ್ದೇನಲ್ಲ.

ಪೊಲೀಸರ ವಾದದಲ್ಲೂ ಹುರುಳಿದೆ. ಮೌನಕ್ಕೆ ರಕ್ಷಣೆ ಕೊಟ್ಟರೆ ಕ್ಯಾಮೆರಾ ಕಂಬಗಳು ನೆಟ್ಟಗೆ ನಿಂತಿರುತ್ತವೆ, ಯಾರ ಮೇಲೂ ಕೇಸು ನಿಲ್ಲುವುದಿಲ್ಲ. ಗಾಡಿ ಇಟ್ಟುಕೊಳ್ಳುವುದೇ ಕೆಲವು ಷರತ್ತುಗಳ ಮೇಲೆ, ಹೇಳುವ ಹೊಣೆಯೂ ಅದರಲ್ಲೊಂದು, ಅಂತ ಅವರ ನಿಲುವು.

ಬ್ರಿಟನ್ ಇದೇ ಜಗಳವನ್ನು ಮೊದಲೇ ಆಡಿ ಮುಗಿಸಿದೆ. ಅಲ್ಲಿ ಕ್ಯಾಮೆರಾ ಹಿಡಿದರೆ 14 ದಿನದೊಳಗೆ ಗಾಡಿಯನ್ನು ನೋಂದಾಯಿಸಿಕೊಂಡವರಿಗೆ ನೋಟಿಸ್ ಹೋಗುತ್ತದೆ, 28 ದಿನದೊಳಗೆ ಓಡಿಸಿದ್ದು ಯಾರು ಅಂತ ತುಂಬಿ ಕಳಿಸಬೇಕು. ವೇಗಕ್ಕೆ ಸಾಮಾನ್ಯವಾಗಿ ಲೈಸೆನ್ಸಿಗೆ 3 ತಪ್ಪಿನ ಪಾಯಿಂಟ್ ಬೀಳುತ್ತದೆ, ಹೇಳದಿದ್ದರೆ 6 ಪಾಯಿಂಟ್ ಮತ್ತು 1,000 ಪೌಂಡ್‌ವರೆಗೆ ದಂಡ. ಇದು ಮೌನದ ಹಕ್ಕಿಗೆ ವಿರುದ್ಧ ಅಂತ ಇಬ್ಬರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋದರು. 2007ರಲ್ಲಿ ಸೋತರು. ಕೇಳುತ್ತಿರುವುದು ಒಂದು ಸಣ್ಣ ವಿಷಯ ಮಾತ್ರ, ಗಾಡಿ ಇಟ್ಟುಕೊಂಡವರು ಈ ನಿಯಮಗಳನ್ನು ಒಪ್ಪಿಕೊಂಡೇ ರಸ್ತೆಗೆ ಇಳಿದಿರುತ್ತಾರೆ ಅಂತ ಕೋರ್ಟ್ ಹೇಳಿತು. ನಮ್ಮ 20(3) ಬರೆದಿರುವ ರೀತಿ ಬೇರೆ. ಆ ತೀರ್ಪನ್ನು ಹಾಗೇ ಎತ್ತಿ ಇಲ್ಲಿಗೆ ತಂದು ಕೂರಿಸಲು ಆಗುವುದಿಲ್ಲ. ಆದರೆ ಅಲ್ಲಿನ ಪದ್ಧತಿಯಲ್ಲಿ ಒಂದು ವಿಷಯ ನಮಗೆ ಬೇಕಾದದ್ದು ಇದೆ. ಮೊದಲು ಬರುವ ಕಾಗದವೇ 'ಓಡಿಸಿದ್ದು ಯಾರು' ಅಂತ ಕೇಳುತ್ತದೆ. ನಮ್ಮಲ್ಲಿ ಮೊದಲು ಬರುವುದು ಬಿಲ್ಲು.

ಕೊಡಗಿನಲ್ಲಿ ತೊಡಕು ಜಾಸ್ತಿ ಯಾಕೆ

ಕಾಗದದ ಓನರ್ ಒಬ್ಬರು, ಓಡಿಸುವವರು ಇನ್ನೊಬ್ಬರು. ಈ ಜಿಲ್ಲೆಯಲ್ಲಿ ಇದು ಮಾಮೂಲು. ತೋಟದ ಪಿಕಪ್ಪು ಸಾಹುಕಾರರ ಹೆಸರಲ್ಲಿ ಇರುತ್ತದೆ, ಓಡಿಸುವುದು ಡ್ರೈವರ್, ಅವನು ರಜೆ ಹಾಕಿದರೆ ತೋಟದ ಲೆಕ್ಕ ಬರೆಯುವ ರೈಟರ್, ಕಾಫಿ ಕೊಯ್ಲಿನ ಸಮಯದಲ್ಲಿ ಯಾರು ಸಿಕ್ಕಿದರೆ ಅವರು. ಸೈನ್ಯದಲ್ಲಿ ಇರುವವರ ಕಾರು ಊರಲ್ಲಿ ಇರುತ್ತದೆ, ಮನೆಮಂದಿ ಬಳಸುತ್ತಾರೆ, ಚಲನ್ ಮಾತ್ರ ಗಡಿಯಲ್ಲಿ ಇರುವವರ ಫೋನಿಗೆ ಹೋಗುತ್ತದೆ.

ಹೋಂಸ್ಟೇ ಕಥೆ ಇನ್ನೂ ಬಿಗಿ. ಕೆಲವರು ಸ್ವಂತ ಬಳಕೆಗಷ್ಟೇ ನೋಂದಾಯಿಸಿದ ತಮ್ಮ ವೈಟ್‌ಬೋರ್ಡ್ ಜೀಪು, ಬೈಕನ್ನು ಅತಿಥಿಗಳಿಗೆ ಬಾಡಿಗೆಗೆ ಕೊಡುತ್ತಾರೆ. ಟ್ಯಾಕ್ಸಿಯವರಿಗೆ ಇದರ ಮೇಲೆ ಸಿಟ್ಟು ಇರುವುದಂತೂ ಎಲ್ಲರಿಗೂ ಗೊತ್ತು. ಅತಿಥಿ ಎಲ್ಲೋ 110 ಕಿಲೋಮೀಟರ್ ವೇಗದಲ್ಲಿ ಹೋಗಿ ಸಿಕ್ಕಿಬಿದ್ದ ಅಂದುಕೊಳ್ಳಿ. ಹೆಸರು ಹೇಳಬೇಕಾದರೆ ಬಾಡಿಗೆಗೆ ಕೊಟ್ಟಿದ್ದೆ ಅಂತ ಒಪ್ಪಿಕೊಳ್ಳಬೇಕು, ಅದೇ ಬೇರೆ ಕೇಸು. ಹೇಳದಿದ್ದರೆ 187. ತಾನೇ ಓಡಿಸಿದ್ದು ಅಂದರೆ ಸುಳ್ಳು ಮಾಹಿತಿ, ನ್ಯಾಯ ಸಂಹಿತೆಯ 212ರಲ್ಲಿ ಅದಕ್ಕೂ ಆರು ತಿಂಗಳವರೆಗೆ ಇದೆ. ಮೂರು ಕಡೆಯಿಂದಲೂ ಸಿಕ್ಕಿಕೊಂಡ ಹಾಗೆ.

ಇನ್ನು ಮಾರಿದ ಗಾಡಿ. ಹಣ ತೆಗೆದುಕೊಂಡು ಕೀ ಕೊಟ್ಟು, ಸೇಲ್ ಲೆಟರಿಗೆ ಸಹಿ ಹಾಕಿ ಮರೆತುಬಿಡುವವರು ತುಂಬಾ ಜನ. ಕಾಯ್ದೆ ಪ್ರಕಾರ ಓನರ್ ಅಂದರೆ ಯಾರ ಹೆಸರಲ್ಲಿ ನೋಂದಣಿ ಇದೆಯೋ ಅವರು. ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆಯೂ ಹಳೆಯ ಓನರ್ ಮೇಲೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ತೀರಿಹೋದ ಅಜ್ಜನ ಹೆಸರಲ್ಲೇ ಓಡುತ್ತಿರುವ ಜೀಪುಗಳಿಗೂ ಲೆಕ್ಕ ಇದೆ. 30 ದಿನದೊಳಗೆ ಸಾವಿನ ವಿಷಯ ತಿಳಿಸಿ, ಮೂರು ತಿಂಗಳೊಳಗೆ ಹೆಸರು ಬದಲಿಸಲು ಅರ್ಜಿ ಹಾಕಬೇಕು. ಒಕ್ಕದ (ಕೊಡವ ಕುಟುಂಬದ) ಆಸ್ತಿ ಪಾಲಾಗದೆ ಉಳಿದ ಕಡೆ ಜೀಪು ಯಾರದ್ದು ಅಂತ ತೀರ್ಮಾನ ಆಗುವುದೇ ವರ್ಷಗಳ ಕೆಲಸ, ಅದು ಬೇರೆ ವಿಷಯ ಬಿಡಿ.

ಹದಿನೆಂಟು ತುಂಬದ ಮಕ್ಕಳು ಓಡಿಸಿದ್ದರೆ ಮಾತ್ರ ಲೆಕ್ಕಾಚಾರ ಪೂರ್ತಿ ತಿರುಗಿಬಿಡುತ್ತದೆ. 199ಎ ಪ್ರಕಾರ ಪೋಷಕರು ಅಥವಾ ಓನರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು. ನನಗೆ ಗೊತ್ತಿರಲಿಲ್ಲ, ಅಥವಾ ಆಗದಂತೆ ನೋಡಿಕೊಂಡಿದ್ದೆ ಅಂತ ಸಾಬೀತು ಮಾಡುವ ಭಾರವೂ ಅವರದ್ದೇ.

ಬೇರೆಯವರ ಹೆಸರು ಕೊಡುವ ಆಟ

ಹೆಸರು ಕೊಡಿ ಅಂದರೆ ತಪ್ಪು ಹೆಸರು ಕೊಡುವ ದಾರಿಯೂ ತೆರೆದ ಹಾಗೆ. ಬ್ರಿಟನ್ನಿನಲ್ಲಿ ಕ್ರಿಸ್ ಹ್ಯೂನ್ ಅನ್ನುವ ರಾಜಕಾರಣಿ 2003ರಲ್ಲಿ ಕ್ಯಾಮೆರಾಗೆ ಸಿಕ್ಕಿಬಿದ್ದರು. ಓಡಿಸಿದ್ದು ತಾನು ಅಂತ ಹೆಂಡತಿ ಪಾಯಿಂಟ್ ತೆಗೆದುಕೊಂಡರು. ಹತ್ತು ವರ್ಷ ಕಳೆದ ಮೇಲೆ, 2013ರಲ್ಲಿ, ನ್ಯಾಯಕ್ಕೆ ಅಡ್ಡಿ ಮಾಡಿದ್ದಕ್ಕೆ ಇಬ್ಬರಿಗೂ ಎಂಟು ತಿಂಗಳು ಜೈಲಾಯಿತು. ಅಷ್ಟರಲ್ಲಿ ಹ್ಯೂನ್ ಮಂತ್ರಿ ಪದವಿಯನ್ನೂ ಕಳೆದುಕೊಂಡಿದ್ದರು. ಮೂಲ ತಪ್ಪು ಬರೀ ಓವರ್‌ಸ್ಪೀಡ್.

ನಮ್ಮಲ್ಲಿ ಅಪಾಯ ಹೆಂಡತಿಗಿಂತ ಕೂಲಿಯವರಿಗೆ, ಡ್ರೈವರಿಗೆ ಜಾಸ್ತಿ. 2024ರ ಮೇ ತಿಂಗಳ ಪುಣೆಯ ಪೋರ್ಷೆ ಕಾರು ಅಪಘಾತದ ಕೇಸಿನಲ್ಲಿ, ತಪ್ಪು ನಿನ್ನದೇ ಅಂತ ಒಪ್ಪಿಕೋ ಅಂತ ಮನೆಯ ಡ್ರೈವರ್ ಮೇಲೆ ಒತ್ತಡ ಹಾಕಿದರು ಅನ್ನುವ ಆರೋಪ ಬಂತು. ತೋಟದ ಲೈನ್‌ಮನೆಯಲ್ಲಿ (ಕೂಲಿಯವರ ಸಾಲುಮನೆ) ವಾಸ, ಸಾಹುಕಾರರ ಹತ್ತಿರ ಮುಂಗಡ ಸಾಲ, ಹೀಗಿರುವವನು 'ನಾನಲ್ಲ' ಅಂತ ಹೇಳುವುದು ಎಷ್ಟು ಕಷ್ಟ ಯೋಚಿಸಿ. ಅವನ ಲೈಸೆನ್ಸ್ ಮೂರು ತಿಂಗಳು ಹೋದರೆ ಮೂರು ತಿಂಗಳ ಅನ್ನವೂ ಹೋಯಿತು. 133ರ ಉತ್ತರವನ್ನು ಓನರ್ ಒಬ್ಬರೇ ಬರೆದು ಕೊಡುವ ಪದ್ಧತಿಯಲ್ಲಿ ಇದೇ ದೊಡ್ಡ ತೂತು ಅಂತ ನನಗೆ ಅನಿಸುತ್ತದೆ. ಹೆಸರು ಬಂದ ತಕ್ಷಣ ಆ ವ್ಯಕ್ತಿಯನ್ನೂ ಬೇರೆಯಾಗಿ ಕೇಳಬೇಕು.

ಹೀಗೆ ಹೆಸರು ಬದಲಾಯಿಸಲು ಇನ್ನೊಂದು ಆಸೆ ಇನ್ಶೂರೆನ್ಸಿನದ್ದು. ಅಪಘಾತವಾದಾಗ ನಿಜವಾಗಿ ಓಡಿಸಿದವನಿಗೆ ಡಿಎಲ್ ಇಲ್ಲದಿದ್ದರೆ ಕಂಪನಿ ಗಾಯಗೊಂಡವರಿಗೆ ಹಣ ಕೊಟ್ಟು ಆಮೇಲೆ ಓನರಿಂದ ವಸೂಲಿ ಮಾಡಬಹುದು ಅಂತ 2004ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ಆ ವಸೂಲಿಗೆ ಹೆದರಿ ಡಿಎಲ್ ಇರುವ ಇನ್ಯಾರನ್ನೋ ಮುಂದೆ ನಿಲ್ಲಿಸುತ್ತಾರೆ.

ಚಲನ್ ಅಥವಾ ನೋಟಿಸ್ ಬಂದರೆ

ಮೊದಲು ಯಾವ ಕಾಗದ ಅಂತ ನೋಡಿ. ಬರೀ ಚಲನ್ ಆದರೆ ಫೋಟೋ ತೆರೆದು ಗಾಡಿ ನಿಮ್ಮದೇನಾ ಅಂತ ಖಚಿತ ಮಾಡಿಕೊಳ್ಳಿ. ನಿಮ್ಮ ನಂಬರನ್ನು ಬೇರೆ ಗಾಡಿಗೆ ಹಾಕಿಕೊಂಡು ಓಡಾಡುವವರೂ ಇದ್ದಾರೆ. ಅಂಥ ಕಡೆ ಗಾಡಿಯ ಬಣ್ಣ, ಮಾಡೆಲ್ಲು, ಆ ಹೊತ್ತಿನ ಫಾಸ್ಟ್ಯಾಗ್ ದಾಖಲೆ ನಿಮ್ಮ ಪರ ನಿಲ್ಲುತ್ತವೆ. ತಕರಾರು ಇದ್ದರೆ ಕಟ್ಟಬೇಡಿ. ಚಲನ್ ವರ್ಚುವಲ್ (ಆನ್‌ಲೈನ್) ಕೋರ್ಟಿಗೆ ಹೋಗಿದ್ದರೆ ಅಲ್ಲಿ ದಂಡ ಕಟ್ಟುವುದು ಒಂದು ದಾರಿ, ಒಪ್ಪುವುದಿಲ್ಲ ಅನ್ನುವುದು ಇನ್ನೊಂದು ದಾರಿ. ಎರಡನೆಯದನ್ನು ಒತ್ತಿದರೆ ಕೇಸು ಮಾಮೂಲಿ ಕೋರ್ಟಿಗೆ ಹೋಗುತ್ತದೆ, ಅಲ್ಲಿಗೆ ಹೋಗಿ ಹಾಜರಾಗಬೇಕು ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮಂಡ್ಯದ ಕೇಸಿಗೆ ವಿರಾಜಪೇಟೆಯಿಂದ ಓಡಾಡುವ ಖರ್ಚು ದಂಡಕ್ಕಿಂತ ಜಾಸ್ತಿ ಆಗಬಹುದು. ಅದಕ್ಕೇ ಜನ ಕಟ್ಟಿಬಿಡುವುದು, ಅದನ್ನು ತಪ್ಪು ಅನ್ನಲು ಬರುವುದಿಲ್ಲ.

133ರ ನೋಟಿಸ್ ಆದರೆ ಸುಮ್ಮನೆ ಕೂರಬೇಡಿ. ಗೊತ್ತಿದ್ದರೆ ಹೆಸರು, ವಿಳಾಸ, ಡಿಎಲ್ ನಂಬರ್ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಗೊತ್ತಿಲ್ಲದಿದ್ದರೆ ಏನೇನು ವಿಚಾರಿಸಿದಿರಿ, ಯಾರನ್ನು ಕೇಳಿದಿರಿ ಅಂತ ಬರೆಯಿರಿ, ಪ್ರಯತ್ನ ಮಾಡಿದ್ದಕ್ಕೆ ಅದೇ ಪುರಾವೆ. ನೀವೇ ಓಡಿಸಿದ್ದು, ಜೊತೆಗೆ ಎಫ್‌ಐಆರ್ ಕೂಡ ಆಗಿದೆ ಅಂದರೆ ಉತ್ತರ ಬರೆಯುವ ಮೊದಲು ವಕೀಲರನ್ನು ಕಾಣಿ, 20(3)ರ ಮಾತು ಎತ್ತುವುದಾದರೆ ಅದನ್ನು ಮೊದಲೇ ಎತ್ತಬೇಕು. ಪಿಕಪ್ಪು, ಜೀಪು ನಾಲ್ಕು ಕೈ ಓಡಾಡುವ ತೋಟಗಳಲ್ಲಿ ಒಂದು ನೋಟ್‌ಬುಕ್ ಇಡಿ: ತಾರೀಕು, ಹೊರಟ ಹೊತ್ತು, ಓಡಿಸಿದವರ ಹೆಸರು, ಅವರದ್ದೇ ಸಹಿ. ಸಾಹುಕಾರರಿಗೆ ಎಷ್ಟು ರಕ್ಷಣೆಯೋ, ಆ ದಿನ ಓಡಿಸದೇ ಇದ್ದ ಡ್ರೈವರಿಗೂ ಅಷ್ಟೇ ರಕ್ಷಣೆ ಅದು.

ಸರ್ಕಾರದ ಕಡೆಯಿಂದ ಆಗಬೇಕಾದ್ದು ದೊಡ್ಡದೇನಲ್ಲ. ಚಲನ್ ಮೆಸೇಜಿನಲ್ಲೇ 'ಓಡಿಸಿದ್ದು ನಾನಲ್ಲ' ಅನ್ನುವ ಲಿಂಕ್ ಇರಲಿ. ಅಲ್ಲಿ ಹೆಸರು ತುಂಬಿದರೆ ಆ ವ್ಯಕ್ತಿಯ ಫೋನಿಗೆ ಒಪ್ಪಿಗೆ ಕೇಳುವ ಸಂದೇಶ ಹೋಗಲಿ, ಅವರು ಅಲ್ಲ ಅಂದರೆ ಪೊಲೀಸರು ವಿಚಾರಿಸಲಿ. ಲೈಸೆನ್ಸ್ ಅಮಾನತು, ಎಫ್‌ಐಆರ್ ಅಂತ ಬಿಗಿ ಮಾಡುತ್ತಾ ಹೋಗುವ ಮೊದಲು ಇಷ್ಟಾದರೂ ಆಗದಿದ್ದರೆ, ಆರ್‌ಸಿಯಲ್ಲಿ ಹೆಸರು ಇರುವವರ ಡಿಎಲ್ಲಿಗೇ ಪೆಟ್ಟು ಬೀಳುತ್ತದೆ, 135 ಕಿಲೋಮೀಟರ್ ವೇಗದಲ್ಲಿ ಓಡಿಸಿದವನು ಮುಂದಿನ ವಾರ ಮತ್ತೆ ಅದೇ ಕಾರಿನ ಕೀ ಕೇಳುತ್ತಾನೆ.